ಕಾರಿನ ಬಿಳಿ ಹೊಗೆ: ಒಂದು ಲಕ್ಷಣದ ಚರಿತ್ರೆ

ಬೆಂಗಳೂರು-ಪುಣೆ ರಾಷ್ಟ್ರೀಯ ಹೆದ್ದಾರಿಯಲ್ಲಿ ತುಮಕೂರು ದಾಟಿ ಸಿರಾ ಕಡೆಗೆ ಹೊರಟರೆ ಕೋರ ಹೋಬಳಿಯ ಸೀಮೆ ಸಿಗುತ್ತದೆ. ವಸಂತನರಸಾಪುರದ ಕೈಗಾರಿಕಾ ಪ್ರದೇಶ ಇರುವುದು ಈ ಹೋಬಳಿಯಲ್ಲೇ. ಹಗಲು ರಾತ್ರಿ ಲಾರಿ, ಬಸ್ಸು, ಕಾರುಗಳು ಓಡಾಡುವ ಈ ಹಾದಿಯಲ್ಲಿ ಬೇಸಿಗೆಯ ಮಧ್ಯಾಹ್ನ ಒಂದು ಕಾರು ಕುದಿದು ನಿಂತಿತು ಎಂದಿಟ್ಟುಕೊಳ್ಳಿ. ರೇಡಿಯೇಟರಿನ ಹೋಸ್ ಪೈಪು ಒಡೆದಿತ್ತು. ಹತ್ತಿರದ ಗ್ಯಾರೇಜಿನಲ್ಲಿ ಹೊಸ ಪೈಪು, ಹೊಸ ಥರ್ಮೋಸ್ಟಾಟ್ ಹಾಕಿ, ನೀರು ತುಂಬಿ ಕಳಿಸಿದರು. ಮರುದಿನ ಬೆಳಿಗ್ಗೆ ಕಾರು ಚಾಲೂ ಮಾಡಿದೊಡನೆ ಸೈಲೆನ್ಸರ್ ಕೊಳವೆಯಿಂದ ದಟ್ಟ ಬಿಳಿ ಹೊಗೆ!

ನೋಡಿದವರಲ್ಲಿ ಒಬ್ಬರು, "ಹೆಡ್ ಗ್ಯಾಸ್ಕೆಟ್ ಹೋಗಿದೆ, ಎಂಜಿನ್ ಬಿಚ್ಚಲೇಬೇಕು" ಎನ್ನುತ್ತಾರೆ. ಇನ್ನೊಬ್ಬರು, "ಏನೂ ಇಲ್ಲ, ಓಡಿಸಿ, ತಾನೇ ಸರಿಹೋಗುತ್ತೆ" ಎನ್ನುತ್ತಾರೆ. ಇಬ್ಬರ ಮಾತೂ ನಿಜವಾಗುವ ಸಾಧ್ಯತೆಯಿದೆ. ಮೊದಲನೆಯವರು ತಪ್ಪಿದ್ದರೆ ಕಾರಿನ ಒಡೆಯ ಸಾವಿರಾರು ರೂಪಾಯಿ ವ್ಯರ್ಥವಾಗಿ ತೆರಬೇಕು. ಎರಡನೆಯವರು ತಪ್ಪಿದ್ದರೆ ಎಂಜಿನ್ನೇ ಹಾಳು. ಇವರಿಬ್ಬರಲ್ಲಿ ಯಾರು ಸರಿ ಎಂದು ತೀರ್ಮಾನಿಸುವುದು ಹೇಗೆ? ಇದಕ್ಕೆ ಬೇಕಾದ ತಿಳಿವಳಿಕೆ ಒಂದೇ ದಿನದಲ್ಲಿ ಬಂದದ್ದಲ್ಲ. ಸುಮಾರು 250 ವರ್ಷಗಳಲ್ಲಿ, ಕಾರಿಗೆ ಸಂಬಂಧವೇ ಇಲ್ಲದ ಅನೇಕ ಪ್ರಯೋಗಗಳಿಂದ ಅದು ಕೂಡಿಬಂದಿದೆ. ಆ ಚರಿತ್ರೆಯನ್ನು ನೀವು ತಿಳಿದರೆ ರೋಗ ನಿರ್ಣಯದ ದಾರಿಯೂ ತಾನಾಗಿ ತೆರೆಯುತ್ತದೆ.

ಕಾಣುವುದು ಆವಿಯಲ್ಲ

ಮೊದಲು 'ಬಿಳಿ ಹೊಗೆ' ಎಂಬ ಹೆಸರನ್ನೇ ಪರೀಕ್ಷಿಸೋಣ. ನೀರು ಕುದಿಯುತ್ತಿರುವ ಕೆಟಲಿನ ಮೂತಿಯನ್ನು ಗಮನಿಸಿ. ಮೂತಿಗೆ ತೀರ ಹತ್ತಿರ, ಒಂದೆರಡು ಸೆಂಟಿಮೀಟರಿನವರೆಗೆ ಏನೂ ಕಾಣುವುದಿಲ್ಲ. ಅಲ್ಲಿರುವುದೇ ನಿಜವಾದ ನೀರಾವಿ. ಅದು ಗಾಳಿಯಂತೆ ಅಗೋಚರ. ಅದರಾಚೆ ಬೆಳ್ಳಗೆ ಕಾಣುವುದು ಆವಿ ತಣಿದು ಉಂಟಾದ ಅತಿ ಸಣ್ಣ ನೀರಹನಿಗಳ ಸಮೂಹ. ಅಂದರೆ ಅದು ಒಂದು ಪುಟ್ಟ ಮೋಡ.

ನಮ್ಮ ಜಿಲ್ಲೆಯ ಜನರು ಇಂಥ ಮೋಡವನ್ನು ಯಂತ್ರವೊಂದರ ಮೇಲೆ ಕಂಡದ್ದು ರೈಲಿನ ಮೂಲಕ. ಬೆಂಗಳೂರಿನಿಂದ ತುಮಕೂರಿನ ಮೂಲಕ ಗುಬ್ಬಿಯವರೆಗೆ ಮೀಟರ್ ಗೇಜ್ ಹಳಿಯ ಮೇಲೆ ಉಗಿಬಂಡಿ ಓಡತೊಡಗಿದ್ದು 1884ರಲ್ಲಿ. 1889ರ ಹೊತ್ತಿಗೆ ಅದು ಹರಿಹರವನ್ನು ತಲುಪಿತು. ಉಗಿಬಂಡಿಯ ಚಿಮಣಿಯಿಂದ ಕಲ್ಲಿದ್ದಲಿನ ಕಪ್ಪು ಹೊಗೆ ಮತ್ತು ಉರುಳೆಯಲ್ಲಿ ಕೆಲಸ ಮುಗಿಸಿದ ಉಗಿ ಎರಡೂ ಒಟ್ಟಿಗೆ ಹೊರಬರುತ್ತಿದ್ದವು. ಕಪ್ಪಾಗಿದ್ದರೆ ಒಲೆಯಲ್ಲಿ ಗಾಳಿ ಸಾಲದು, ಬಿಳಿಯಾಗಿದ್ದರೆ ಅದರಲ್ಲಿ ಹೆಚ್ಚಿನ ಪಾಲು ಉಗಿ ಎಂದು ಚಾಲಕರು ಬಣ್ಣ ನೋಡಿಯೇ ತಿಳಿಯುತ್ತಿದ್ದರು. ಹೊಗೆಯ ಬಣ್ಣದಿಂದ ಯಂತ್ರದ ಒಳಗಿನ ಸ್ಥಿತಿಯನ್ನು ಊಹಿಸುವ ವಿದ್ಯೆ ಕಾರಿಗಿಂತ ಹಳೆಯದು.

ಈ ಉಗಿಬಂಡಿಯೇ ಭೌತವಿಜ್ಞಾನಕ್ಕೂ ಒಂದು ಪಾಠ ಕಲಿಸಿತು. ಎಡಿನ್‌ಬರೋದ ಪ್ರಾಧ್ಯಾಪಕ ಜೇಮ್ಸ್ ಡೇವಿಡ್ ಫೋರ್ಬ್ಸ್, ಉಗಿಬಂಡಿಯಿಂದ ಚಿಮ್ಮುವ ಉಗಿಯ ಮೂಲಕ ಸೂರ್ಯನನ್ನು ನೋಡಿದಾಗ ಅವನು ಕಿತ್ತಳೆಗೆಂಪಾಗಿ ಕಂಡನೆಂದು 1839ರಲ್ಲಿ ಪ್ರಕಟಿಸಿದ. ಆಗತಾನೇ ಹುಟ್ಟಿದ ಹನಿಗಳು ಬಹಳ ಸಣ್ಣವು. ಅವು ನೀಲಿ ಬೆಳಕನ್ನು ಹೆಚ್ಚು ಚದರಿಸುತ್ತವೆ, ಕೆಂಪು ನೇರವಾಗಿ ಬರುತ್ತದೆ. ಹನಿಗಳು ಬೆಳಕಿನ ತರಂಗದೂರಕ್ಕಿಂತ ದೊಡ್ಡದಾಗಿ ಬೆಳೆದಾಗ ಎಲ್ಲ ಬಣ್ಣಗಳನ್ನೂ ಸುಮಾರಾಗಿ ಸಮನಾಗಿ ಚದರಿಸುತ್ತವೆ. ಆಗ ಮೋಡ ಬೆಳ್ಳಗೆ ಕಾಣುತ್ತದೆ. ಎಂಜಿನ್ ಎಣ್ಣೆ ಸುಡುವ ಕಾರಿನ ಹೊಗೆ ನಸುನೀಲಿಯಾಗಿರುವುದಕ್ಕೂ ಇದೇ ಕಾರಣ: ಅದರ ಕಣಗಳು ಬಹಳ ಸೂಕ್ಷ್ಮ. ಮಸಿಯ ಕಣಗಳು ಬೆಳಕನ್ನು ಹೀರುವುದರಿಂದ ಪೆಟ್ರೋಲು ಅತಿಯಾದ ಎಂಜಿನ್ನಿನ ಹೊಗೆ ಕಪ್ಪು.

ಹನಿ ಹುಟ್ಟಲು ತಣಿವು ಮಾತ್ರ ಸಾಲದು. 1880ರಲ್ಲಿ ಜಾನ್ ಏಟ್ಕಿನ್ ಎಂಬ ಸ್ಕಾಟ್‌ಲೆಂಡಿನ ವಿಜ್ಞಾನಿ ಎರಡು ಗಾಜಿನ ಪಾತ್ರೆಗಳಿಗೆ ಉಗಿ ಹಾಯಿಸಿದ. ಒಂದರಲ್ಲಿ ಸಾಮಾನ್ಯ ಗಾಳಿ, ಇನ್ನೊಂದರಲ್ಲಿ ಹತ್ತಿಯ ಮೂಲಕ ಸೋಸಿದ ಗಾಳಿ. ಮಂಜು ಮೂಡಿದ್ದು ಮೊದಲನೆಯದರಲ್ಲಿ ಮಾತ್ರ. ಹನಿ ಕಟ್ಟಲು ಧೂಳಿನ ಕಣದಂಥ ಆಸರೆ ಬೇಕೆಂದು ಇದರಿಂದ ತಿಳಿಯಿತು. ಕಾರಿನ ಹೊಗೆಕೊಳವೆಯಲ್ಲಿ ಇಂಥ ಕಣಗಳಿಗೆ ಕೊರತೆಯಿಲ್ಲ. ಆದ್ದರಿಂದ ಅಲ್ಲಿ ಮೋಡ ಬಹು ಸುಲಭವಾಗಿ ಮೂಡುತ್ತದೆ.

ಪೆಟ್ರೋಲಿನಿಂದ ನೀರು

ಸೈಲೆನ್ಸರಿನಲ್ಲಿ ನೀರಾವಿ ಎಲ್ಲಿಂದ ಬಂತು? ರೇಡಿಯೇಟರಿನ ನೀರು ಸೋರಿರಬೇಕೆಂದು ತಕ್ಷಣ ಹೇಳುವಂತಿಲ್ಲ. ಹೈಡ್ರೊಜನ್ ಉರಿದರೆ ನೀರು ಉಂಟಾಗುತ್ತದೆಂದು ಹೆನ್ರಿ ಕ್ಯಾವೆಂಡಿಶ್ 1784ರಲ್ಲೇ ಪ್ರಕಟಿಸಿದ್ದ. 1860-61ರ ಕ್ರಿಸ್‌ಮಸ್ ಉಪನ್ಯಾಸಗಳಲ್ಲಿ ಮೈಕೆಲ್ ಫ್ಯಾರಡೆ ಉರಿಯುವ ಮೇಣದ ಬತ್ತಿಯಿಂದ ನೀರು ಹಿಡಿದು ಮಕ್ಕಳಿಗೆ ತೋರಿಸಿದ. ಪೆಟ್ರೋಲೂ ಮೇಣದಂತೆ ಹೈಡ್ರೊಕಾರ್ಬನ್ನೇ.

ಲೆಕ್ಕ ಮಾಡಿ ನೋಡಿ. ಪೆಟ್ರೋಲನ್ನು ಆಕ್ಟೇನ್ ಎಂದು ಭಾವಿಸಿದರೆ 114 ಗ್ರಾಂ ಉರಿದಾಗ 162 ಗ್ರಾಂ ನೀರು ಹುಟ್ಟುತ್ತದೆ. ಒಂದು ಲೀಟರ್ ಪೆಟ್ರೋಲಿನ ತೂಕ ಸುಮಾರು 740 ಗ್ರಾಂ. ಅಂದರೆ ಒಂದು ಲೀಟರ್ ಪೆಟ್ರೋಲಿನಿಂದ ಒಂದು ಲೀಟರಿಗಿಂತ ತುಸು ಹೆಚ್ಚೇ ನೀರು! ಬೆಂಗಳೂರಿನಿಂದ ತುಮಕೂರಿಗೆ ಬರುವಷ್ಟರಲ್ಲಿ ಐದು ಲೀಟರ್ ಪೆಟ್ರೋಲು ಉರಿಸಿದ ಕಾರು ಐದು ಲೀಟರ್ ನೀರನ್ನು ದಾರಿಯುದ್ದಕ್ಕೂ ಆವಿಯಾಗಿ ಚೆಲ್ಲಿರುತ್ತದೆ.

ಉರಿದ ಅನಿಲದಲ್ಲಿ ಆವಿಯ ಪಾಲು ಗಾತ್ರದಲ್ಲಿ ಸುಮಾರು ನೂರಕ್ಕೆ 14. ಇದರ ಇಬ್ಬನಿ ಬಿಂದು 50 ಡಿಗ್ರಿ ಸೆಲ್ಸಿಯಸ್‌ಗಿಂತ ಸ್ವಲ್ಪ ಹೆಚ್ಚು. ರಾತ್ರಿಯೆಲ್ಲ ತಣಿದ ಸೈಲೆನ್ಸರಿನ ಉಷ್ಣತೆ ಅದಕ್ಕಿಂತ ತುಂಬ ಕಡಿಮೆ. ಆದ್ದರಿಂದ ಬೆಳಗಿನ ಮೊದಲ ನಿಮಿಷಗಳಲ್ಲಿ ನೀರು ಕೊಳವೆಯಲ್ಲೇ ಹನಿಗಟ್ಟಿ ತೊಟ್ಟಿಕ್ಕುತ್ತದೆ, ಹೊರಗೆ ಬಿಳಿ ಮೋಡ ಕಾಣುತ್ತದೆ. ಮಾಗಿಯ ಚಳಿಯಲ್ಲಿ ನಿಮ್ಮ ಉಸಿರು ಕಾಣುವಂತೆಯೇ ಇದು. ಕೊಳವೆ ಬಿಸಿಯಾಗಿ, ಬಿಸಿಲೇರಿದ ಮೇಲೆ ಮೋಡ ಮಾಯವಾಗುತ್ತದೆ. ಇದು ಆರೋಗ್ಯವಂತ ಎಂಜಿನ್ನಿನ ಲಕ್ಷಣ. "ತಾನೇ ಸರಿಹೋಗುತ್ತೆ" ಎಂದವರ ಮಾತಿನಲ್ಲಿರುವ ಸತ್ಯಾಂಶ ಇಷ್ಟು.

ಶಾಖ ಹೊರಹಾಕುವ ಪ್ರಯಾಸ

ಇನ್ನು ತಂಪುಗೊಳಿಸುವ ವ್ಯವಸ್ಥೆಯ ಕಥೆ. ಎಂಜಿನ್ನಿನ ಉರುಳೆಯೊಳಗೆ ಉರಿಯುವ ಅನಿಲದ ಉಷ್ಣತೆ 2000 ಡಿಗ್ರಿಯನ್ನೂ ಮೀರುತ್ತದೆ. ಅಲ್ಯೂಮಿನಿಯಂ ಕರಗುವುದು 660 ಡಿಗ್ರಿಯಲ್ಲಿ. ಪೆಟ್ರೋಲಿನ ಶಕ್ತಿಯಲ್ಲಿ ಸ್ಥೂಲವಾಗಿ ಮೂರನೆಯ ಒಂದು ಪಾಲಿಗಿಂತ ಕಡಿಮೆ ಚಕ್ರಕ್ಕೆ ಸಿಗುತ್ತದೆ. ಇನ್ನೊಂದು ಪಾಲು ಹೊಗೆಯೊಂದಿಗೆ ಹೋಗುತ್ತದೆ. ಉಳಿದದ್ದನ್ನು ತಂಪುಗೊಳಿಸುವ ನೀರು ಹೊತ್ತೊಯ್ಯಬೇಕು. ಶಾಖಯಂತ್ರ ಒಂದಷ್ಟು ಶಾಖವನ್ನು ಹೊರಹಾಕಲೇಬೇಕೆಂದು ಸಾಡಿ ಕಾರ್ನೊ 1824ರಲ್ಲೇ ತೋರಿಸಿದ್ದ.

ಗಂಟೆಗೆ ಐದು ಲೀಟರ್ ಪೆಟ್ರೋಲು ಉರಿಸುವ ಕಾರಿನಲ್ಲಿ ನೀರಿನ ಪಾಲಿಗೆ ಬರುವ ಶಾಖ ಸುಮಾರು 15 ಕಿಲೋವಾಟ್. ಮನೆಯ ಏಳೆಂಟು ಗೀಸರುಗಳು ಒಟ್ಟಿಗೆ ಉರಿದಂತೆ! ಇದನ್ನು ತೆಗೆಯಲು ಎರಡು ದಾರಿಗಳಿವೆ. ನೀರನ್ನು ಕುದಿಸಿ ಆವಿಯಾಗಿ ಬಿಟ್ಟುಬಿಡುವುದು ಒಂದು. ನೀರನ್ನು ಕುದಿಸದೆ ಸುತ್ತಾಡಿಸಿ ಶಾಖವನ್ನು ಗಾಳಿಗೆ ದಾಟಿಸುವುದು ಇನ್ನೊಂದು.

ಮೊದಲ ದಾರಿಯ ಭೌತವಿಜ್ಞಾನವನ್ನು ಕೊಟ್ಟವನು ಜೋಸೆಫ್ ಬ್ಲ್ಯಾಕ್. 1760ರ ದಶಕದ ಆರಂಭದಲ್ಲಿ ಗ್ಲಾಸ್ಗೋದಲ್ಲಿ ಅವನು ಗುಪ್ತೋಷ್ಣವನ್ನು ಕಂಡುಹಿಡಿದ. ಒಂದು ಕಿಲೋಗ್ರಾಂ ನೀರು ಕುದಿದು ಆವಿಯಾಗಲು 2257 ಕಿಲೋಜೂಲ್ ಶಾಖ ಬೇಕು. ಅವನ ಗೆಳೆಯ ಜೇಮ್ಸ್ ವಾಟ್ 1765ರಲ್ಲಿ ಉಗಿಯಂತ್ರಕ್ಕೆ ಪ್ರತ್ಯೇಕ ಸಾಂದ್ರಕವನ್ನು ಯೋಚಿಸಿದ. ಕುಣಿಗಲ್ಲಿನ ಕುದುರೆ ಫಾರಮ್ಮಿನ ಕುದುರೆ ಓಡಿದ ಮೇಲೆ ಬೆವರಿ ತಂಪಾಗುವುದೂ ಈ ಗುಪ್ತೋಷ್ಣದಿಂದಲೇ.

ಕಾರ್ಲ್ ಬೆಂಜ್ 1886ರಲ್ಲಿ ಪೇಟೆಂಟ್ ಪಡೆದ ಮೂರು ಚಕ್ರದ ಕಾರು ಕುದುರೆಯ ದಾರಿಯನ್ನೇ ಹಿಡಿಯಿತು. ಎಂಜಿನ್ನಿನ ಸುತ್ತಲಿನ ನೀರು ಕುದಿದು ಆವಿಯಾಗಿ ಹೋಗುತ್ತಿತ್ತು. ಒಂದು ಅಶ್ವಶಕ್ತಿಗೂ ಕಡಿಮೆಯಿದ್ದ ಆ ಎಂಜಿನ್ನಿಗೆ ಅದು ನಡೆಯಿತು. 1888ರ ಆಗಸ್ಟಿನಲ್ಲಿ ಅವನ ಪತ್ನಿ ಬರ್ತಾ ಬೆಂಜ್ ಇಬ್ಬರು ಮಕ್ಕಳೊಂದಿಗೆ ಮ್ಯಾನ್‌ಹೈಮಿನಿಂದ ಫೋರ್ಟ್ಸ್‌ಹೈಮಿಗೆ, 100 ಕಿಲೋಮೀಟರಿಗೂ ಹೆಚ್ಚು ದೂರ, ಕಾರು ಓಡಿಸಿದಳು. ದಾರಿಯಲ್ಲಿ ಸಿಕ್ಕ ಸಿಕ್ಕಲ್ಲಿ ನೀರು ತುಂಬುತ್ತಲೇ ಸಾಗಬೇಕಾಯಿತು. ನಮ್ಮ 15 ಕಿಲೋವಾಟಿನ ಲೆಕ್ಕಕ್ಕೆ ಇದೇ ವಿಧಾನವನ್ನು ಹಚ್ಚಿದರೆ ಗಂಟೆಗೆ 20 ಲೀಟರಿಗೂ ಹೆಚ್ಚು ನೀರು ಬೇಕು. ಬಯಲುಸೀಮೆಯಲ್ಲಿ ಯಾರು ಕೊಟ್ಟಾರು?

ಎರಡನೆಯ ದಾರಿಯನ್ನು ಸುಗಮಗೊಳಿಸಿದವನು ವಿಲ್‌ಹೆಲ್ಮ್ ಮೇಬ್ಯಾಕ್. 1900-01ರ ಮರ್ಸಿಡಿಸ್ ಕಾರಿಗೆ ಅವನು ಜೇನುಗೂಡಿನಂಥ ರೇಡಿಯೇಟರ್ ಮಾಡಿದ. 6 ಮಿಲಿಮೀಟರ್ ಅಗಲದ 8070 ಪುಟ್ಟ ಕೊಳವೆಗಳು, ಅವುಗಳ ಮೂಲಕ ಗಾಳಿ, ಸುತ್ತ ನೀರು. 35 ಅಶ್ವಶಕ್ತಿಯ ಎಂಜಿನ್ನಿಗೆ ಕೇವಲ 9 ಲೀಟರ್ ನೀರು ಸಾಕಾಯಿತು. ರೇಡಿಯೇಟರ್ ಎಂಬ ಹೆಸರು ಮಾತ್ರ ದಾರಿ ತಪ್ಪಿಸುವಂಥದ್ದು. ಕಾಲು ಚದರ ಮೀಟರ್ ಹರವಿನ, 90 ಡಿಗ್ರಿಯ ರೇಡಿಯೇಟರ್ ಎರಡು ಮುಖಗಳಿಂದ ವಿಕಿರಣದ ಮೂಲಕ ಕಳೆದುಕೊಳ್ಳುವುದು ಸುಮಾರು 250 ವಾಟ್. 15 ಕಿಲೋವಾಟಿನಲ್ಲಿ ಇದು ನೂರಕ್ಕೆ ಎರಡರಷ್ಟೂ ಅಲ್ಲ. ಉಳಿದದ್ದೆಲ್ಲ ಹಾಯುವ ಗಾಳಿಗೆ ದಾಟುತ್ತದೆ. ಸ್ಟೀಫನ್-ಬೋಲ್ಟ್ಸ್‌ಮನ್ ನಿಯಮ ಓದಿದ ವಿದ್ಯಾರ್ಥಿಗಳು ಈ ಲೆಕ್ಕವನ್ನು ತಾವೇ ಮಾಡಿ ನೋಡಬಹುದು.

1908ರಿಂದ 1927ರವರೆಗೆ ಒಂದೂವರೆ ಕೋಟಿ ತಯಾರಾದ ಫೋರ್ಡ್ ಟಿ ಮಾದರಿಯ ಬಹುಪಾಲು ಕಾರುಗಳಲ್ಲಿ ಪಂಪೇ ಇರಲಿಲ್ಲ. ಬಿಸಿ ನೀರು ಹಗುರವಾಗಿ ಮೇಲೇರುತ್ತದೆ, ತಣ್ಣೀರು ಕೆಳಗಿಳಿಯುತ್ತದೆ ಎಂಬ ಸಂವಹನ ತತ್ತ್ವವೇ ನೀರನ್ನು ಸುತ್ತಾಡಿಸುತ್ತಿತ್ತು. ಆದರೆ ನೀರಿನ ಮಟ್ಟ ಮೇಲಿನ ಕೊಳವೆಗಿಂತ ಕೆಳಗಿಳಿದರೆ ಸುತ್ತಾಟ ನಿಂತುಹೋಗುತ್ತಿತ್ತು. ಈ ಮಾತನ್ನು ನೆನಪಿಡಿ. ರಿಪೇರಿಯ ನಂತರದ ತೊಂದರೆಗೆ ಇದೇ ಕೀಲಿಕೈ.

ಮುಂದೆ ಪಂಪು ಕಡ್ಡಾಯವಾಯಿತು. 1930ರ ದಶಕದಲ್ಲಿ ಸರ್ಜಿಯಸ್ ವರ್ನೆ ಮೇಣದ ಥರ್ಮೋಸ್ಟಾಟನ್ನು ರೂಪಿಸಿದ. ಮೇಣ ಕರಗಿ ಹಿಗ್ಗಿದಾಗ ಬಾಗಿಲು ತೆರೆದು ನೀರನ್ನು ರೇಡಿಯೇಟರಿಗೆ ಬಿಡುತ್ತದೆ. ಆಮೇಲೆ ಒತ್ತಡದ ಮುಚ್ಚಳ ಬಂತು. ಇದರ ತತ್ತ್ವ 1679ರ ಡೆನಿ ಪಪ್ಯಾನ್‌ನ ಒತ್ತಡದ ಪಾತ್ರೆಯದು, ನಿಮ್ಮ ಮನೆಯ ಕುಕ್ಕರಿನದು. ಸಮುದ್ರಮಟ್ಟದಿಂದ ಸುಮಾರು 820 ಮೀಟರ್ ಎತ್ತರದ ತುಮಕೂರಿನಲ್ಲಿ ನೀರು ಕುದಿಯುವುದು ಸುಮಾರು 97 ಡಿಗ್ರಿಗೆ. ದೇವರಾಯನದುರ್ಗದ ಮೇಲೆ ಇನ್ನೂ ಬೇಗ. ಪ್ರತಿ ಚದರ ಸೆಂಟಿಮೀಟರಿಗೆ 0.9 ಕಿಲೋಗ್ರಾಂ ಒತ್ತಡ ತಡೆಯುವ ಮುಚ್ಚಳವಿದ್ದರೆ ಕುದಿಬಿಂದು ಸುಮಾರು 117 ಡಿಗ್ರಿಗೇರುತ್ತದೆ.

ಇಲ್ಲಿಯೇ ಒಂದು ಎಚ್ಚರಿಕೆ. 110 ಡಿಗ್ರಿಯ ನೀರಿನ ಮುಚ್ಚಳವನ್ನು ತೆರೆದರೆ ಒತ್ತಡ ಒಮ್ಮೆಲೇ ಇಳಿದು, ಪ್ರತಿ ಲೀಟರಿನಲ್ಲಿ ಸುಮಾರು 24 ಗ್ರಾಂ ನೀರು ಕ್ಷಣದಲ್ಲಿ ಆವಿಯಾಗುತ್ತದೆ. ಅದರ ಗಾತ್ರ 40 ಲೀಟರಿಗೂ ಹೆಚ್ಚು! ಕುದಿನೀರನ್ನು ಅದು ಮುಖಕ್ಕೆ ಎರಚುತ್ತದೆ. ಎಂಜಿನ್ ಪೂರ್ತಿ ತಣಿಯುವವರೆಗೆ ಮುಚ್ಚಳ ಮುಟ್ಟಬೇಡಿ.

ಗಾಳಿಯೋ ನೀರೋ? ಆಕಾಶದ ಪಾಠ

ಭಾರತದಲ್ಲೇ ಮೋಟಾರು ಕಾರು ತಯಾರಾಗಬೇಕೆಂದು ಸರ್ ಎಂ. ವಿಶ್ವೇಶ್ವರಯ್ಯನವರು 1930ರ ದಶಕದಲ್ಲಿ ಬಹಳ ಶ್ರಮಿಸಿದರು. 1935ರಲ್ಲಿ ಯೂರೋಪು, ಅಮೆರಿಕಗಳ ಕಾರ್ಖಾನೆಗಳನ್ನು ಸುತ್ತಿ ಬಂದರು. ಮೈಸೂರು ಸಂಸ್ಥಾನದಲ್ಲಿ ಆ ಕನಸು ಕೈಗೂಡಲಿಲ್ಲ. ಆದರೆ ಮೋಟಾರು ಉದ್ಯಮದ ಆಸೆ ಹೊತ್ತಿದ್ದ ವಾಲ್‌ಚಂದ್ ಹೀರಾಚಂದರು ಮೈಸೂರು ಸರ್ಕಾರದ ಸಹಭಾಗಿತ್ವದಲ್ಲಿ 1940ರ ಡಿಸೆಂಬರಿನಲ್ಲಿ ಬೆಂಗಳೂರಿನಲ್ಲಿ ಹಿಂದುಸ್ತಾನ್ ಏರ್‌ಕ್ರಾಫ್ಟ್ ಕಂಪನಿ ಸ್ಥಾಪಿಸಿದರು. ಅಲ್ಲಿ ಮೊದಲು ಜೋಡಣೆಯಾದ ಹಾರ್ಲೊ ತರಬೇತಿ ವಿಮಾನ ಮತ್ತು ಕರ್ಟಿಸ್ ಹಾಕ್ ಯುದ್ಧವಿಮಾನಗಳ ಎಂಜಿನ್ನುಗಳು ಗಾಳಿಯಿಂದಲೇ ತಂಪಾಗುವಂಥವು. ಅವುಗಳಿಗೆ ರೇಡಿಯೇಟರಿನ ಗೊಡವೆ ಇರಲಿಲ್ಲ.

ಅದೇ ಕಾಲದ ಬ್ರಿಟಿಷ್ ಸ್ಪಿಟ್‌ಫೈರ್ ವಿಮಾನದ ಮರ್ಲಿನ್ ಎಂಜಿನ್ ಬೇರೆ ಜಾತಿಯದು. ಅದಕ್ಕೆ ಎಥಿಲೀನ್ ಗ್ಲೈಕಾಲ್ ಎಂಬ ದ್ರವದ ತಂಪು. ಫ್ರಾನ್ಸಿನ ಚಾರ್ಲ್ಸ್ ಅಡಾಲ್ಫ್ ವುರ್ಟ್ಸ್ 1856ರಲ್ಲಿ ತಯಾರಿಸಿದ ಈ ದ್ರವ ಕುದಿಯುವುದು ಸುಮಾರು 197 ಡಿಗ್ರಿಗೆ. ಮೊದಲಿಗೆ ಬರೀ ಗ್ಲೈಕಾಲನ್ನೇ ತುಂಬುತ್ತಿದ್ದರು. ನಂತರ ಒತ್ತಡದ ವ್ಯವಸ್ಥೆ ಬಂದು ನೂರಕ್ಕೆ 30 ಗ್ಲೈಕಾಲ್, 70 ನೀರಿನ ಮಿಶ್ರಣ ರೂಢಿಯಾಯಿತು. 1940ರ ಬ್ರಿಟನ್ ಕದನದಲ್ಲಿ ಗುಂಡು ತಗುಲಿದ ವಿಮಾನದ ಹಿಂದೆ ಉದ್ದನೆಯ ಬಿಳಿ ಗೆರೆ ಮೂಡಿದರೆ ಗ್ಲೈಕಾಲ್ ಸೋರುತ್ತಿದೆ, ಎಂಜಿನ್ ಕೆಲವೇ ನಿಮಿಷಗಳಲ್ಲಿ ಸ್ಥಗಿತಗೊಳ್ಳುತ್ತದೆ ಎಂದು ಎರಡೂ ಕಡೆಯ ವೈಮಾನಿಕರು ಅರಿತಿದ್ದರು. 1944ರಿಂದ ಭಾರತೀಯ ವಾಯುಪಡೆಯ ವೈಮಾನಿಕರೂ ಸ್ಪಿಟ್‌ಫೈರ್ ಹಾರಿಸಿದರು. ಬಿಳಿ ಹೊಗೆಯ ಅರ್ಥ ಅವರಿಗೆ ಜೀವನ್ಮರಣದ ಪ್ರಶ್ನೆಯಾಗಿತ್ತು.

ಇಲ್ಲಿ ನಮಗೊಂದು ಉಪಯುಕ್ತ ಸುಳಿವಿದೆ. ನೀರಿನ ಹನಿಗಳ ಮೋಡ ಒಣಗಾಳಿಯಲ್ಲಿ ಬೆರೆತೊಡನೆ ಕರಗುತ್ತದೆ. ಗ್ಲೈಕಾಲಿನ ಹನಿಗಳು ಅಷ್ಟು ಬೇಗ ಆವಿಯಾಗುವುದಿಲ್ಲ. ಆ ಮೋಡ ದೂರದವರೆಗೆ ತೂಗಾಡುತ್ತದೆ. ಅದಕ್ಕೆ ಸಿಹಿ ವಾಸನೆಯೂ ಇರುತ್ತದೆ. ಇಂದಿನ ಕಾರುಗಳ ಬಣ್ಣದ ಕೂಲೆಂಟಿನಲ್ಲಿರುವುದು ಬಹುಮಟ್ಟಿಗೆ ಇದೇ ಗ್ಲೈಕಾಲ್. ಅಂದಹಾಗೆ ಇದು ವಿಷ. ರುಚಿ ಸಿಹಿಯಾದ್ದರಿಂದ ನಾಯಿ, ದನಕರು ನೆಕ್ಕುವ ಅಪಾಯವಿದೆ. ಹಳೆಯ ಕೂಲೆಂಟನ್ನು ನೆಲಕ್ಕೆ ಚೆಲ್ಲಬೇಡಿ.

ಇದೇ ಜಿಲ್ಲೆಯ ಗುಬ್ಬಿ ತಾಲ್ಲೂಕಿನ ಬಿದರೆಹಳ್ಳ ಕಾವಲಿನಲ್ಲಿ 2023ರ ಫೆಬ್ರವರಿಯಲ್ಲಿ ಉದ್ಘಾಟನೆಯಾದ ಎಚ್.ಎ.ಎಲ್. ಕಾರ್ಖಾನೆಯ ಹೆಲಿಕಾಪ್ಟರುಗಳಿಗೆ ಅನಿಲ ಟರ್ಬೈನ್ ಎಂಜಿನ್. ಅದಕ್ಕೆ ನೀರಿನ ಕವಚವೂ ಇಲ್ಲ, ಹೆಡ್ ಗ್ಯಾಸ್ಕೆಟ್ಟೂ ಇಲ್ಲ. ನೆಲದ ಮೇಲಿನ ಪೆಟ್ರೋಲ್, ಡೀಸೆಲ್ ಕಾರುಗಳಿಗೆ ಮಾತ್ರ ಈ ಚಿಂತೆ ತಪ್ಪಿಲ್ಲ.

ಗಡಸು ನೀರು ಮತ್ತು ಲೋಹಗಳ ಹಿಗ್ಗುವಿಕೆ

ನಮ್ಮ ಭಾಗದಲ್ಲಿ ರೇಡಿಯೇಟರಿಗೆ ಸುರಿಯುವ ನೀರು ಸಾಮಾನ್ಯವಾಗಿ ಕೊಳವೆಬಾವಿಯದು, ಗಡಸು ನೀರು. ಕಾಯಿಸಿದಾಗ ಅದರಲ್ಲಿನ ಕ್ಯಾಲ್ಸಿಯಂ ಬೈಕಾರ್ಬೊನೇಟ್ ಒಡೆದು ಕಾರ್ಬನ್ ಡೈಆಕ್ಸೈಡ್ ಹೊರಬಿದ್ದು, ಸುಣ್ಣದ ಕಲ್ಲಿನ ಪದರ ಕೂರುತ್ತದೆ. ಸ್ನಾನದ ಹಂಡೆಯ ತಳದಲ್ಲಿ ನೀವು ಕಾಣುವ ಬಿಳಿ ಪೊರೆಯೇ ಇದು. ಉಗಿಬಂಡಿಯ ಬಾಯ್ಲರುಗಳನ್ನೂ ಇದು ಕಾಡುತ್ತಿತ್ತು. ಇದರ ಉಷ್ಣವಾಹಕತೆ ಎರಕದ ಕಬ್ಬಿಣದ ಸುಮಾರು ಇಪ್ಪತ್ತೈದನೆಯ ಒಂದು ಪಾಲು. ಅಂದರೆ ಒಂದು ಮಿಲಿಮೀಟರ್ ಪೊರೆ, ಶಾಖ ತಡೆಯುವುದರಲ್ಲಿ 25 ಮಿಲಿಮೀಟರ್ ಕಬ್ಬಿಣಕ್ಕೆ ಸಮ. ಪೊರೆ ಕಟ್ಟಿದ ಎಂಜಿನ್ ಬೇಗ ಕುದಿಯುತ್ತದೆ.

ಕುದಿದ ಎಂಜಿನ್ನಿನ ದುರ್ಬಲ ಸ್ಥಳ ಹೆಡ್ ಗ್ಯಾಸ್ಕೆಟ್. ಉರುಳೆಗಳ ದಿಮ್ಮಿ ಮತ್ತು ಅದರ ಮೇಲಿನ ಹೆಡ್, ಇವೆರಡರ ನಡುವೆ ಮಿಲಿಮೀಟರಿನಷ್ಟು ದಪ್ಪದ ಈ ಹಾಳೆ ಉರಿಯುವ ಅನಿಲವನ್ನೂ ನೀರನ್ನೂ ಎಣ್ಣೆಯನ್ನೂ ಬೇರೆ ಬೇರೆ ಇಡುತ್ತದೆ. 1958ರಿಂದ 2014ರವರೆಗೆ ತಯಾರಾದ ಅಂಬಾಸಿಡರ್ ಕಾರಿನ ಹಳೆಯ 1489 ಸಿ.ಸಿ. ಎಂಜಿನ್ನಿನಲ್ಲಿ ದಿಮ್ಮಿ, ಹೆಡ್ ಎರಡೂ ಎರಕದ ಕಬ್ಬಿಣ. ಎರಡೂ ಒಂದೇ ಪ್ರಮಾಣದಲ್ಲಿ ಹಿಗ್ಗುತ್ತಿದ್ದವು. ಹಗುರತೆಗಾಗಿ ಅಲ್ಯೂಮಿನಿಯಂ ಹೆಡ್ ಬಂದ ಮೇಲೆ ಲೆಕ್ಕ ಬದಲಾಯಿತು. 400 ಮಿಲಿಮೀಟರ್ ಉದ್ದದ ಹೆಡ್ಡಿನ ಉಷ್ಣತೆ 80 ಡಿಗ್ರಿ ಏರಿದರೆ ಅಲ್ಯೂಮಿನಿಯಂ 0.74 ಮಿಲಿಮೀಟರ್ ಹಿಗ್ಗುತ್ತದೆ, ಕಬ್ಬಿಣ 0.38 ಮಾತ್ರ. ಈ ಅಂತರವನ್ನು ಗ್ಯಾಸ್ಕೆಟ್ ಸಹಿಸಿಕೊಳ್ಳುತ್ತದೆ. ಎಂಜಿನ್ ಅತಿಯಾಗಿ ಕಾದಾಗ ಮಾತ್ರ ಬೋಲ್ಟುಗಳ ಬಿಗಿತದಲ್ಲಿ ಸಿಕ್ಕ ಹೆಡ್ ಬಾಗುತ್ತದೆ, ಗ್ಯಾಸ್ಕೆಟ್ ಬಿಡುತ್ತದೆ. ನೀರು ಉರುಳೆಗೆ ನುಗ್ಗಿ, ಆವಿಯಾಗಿ ಸೈಲೆನ್ಸರಿನಿಂದ ಹೊರಬರುತ್ತದೆ. "ಗ್ಯಾಸ್ಕೆಟ್ ಹೋಗಿದೆ" ಎಂದವರ ಮಾತಿನಲ್ಲಿರುವ ಸತ್ಯಾಂಶ ಇದು.

ಈಗ ರೋಗ ನಿರ್ಣಯ

ಕೋರದ ಬಳಿ ಕುದಿದು ನಿಂತ ನಮ್ಮ ಕಾರಿಗೆ ಮರಳೋಣ. ಇದೀಗ ನೀವು ಒಂದೊಂದಾಗಿ ಪ್ರಶ್ನೆ ಕೇಳಬಹುದು.

ಒಂದು: ಹೊಗೆ ಎಲ್ಲಿಂದ? ಬಾನೆಟ್ಟಿನ ಅಡಿಯಿಂದ ಬರುತ್ತಿದ್ದರೆ ರಿಪೇರಿಯ ವೇಳೆ ಚೆಲ್ಲಿದ ನೀರು ಬಿಸಿ ಕೊಳವೆಯ ಮೇಲೆ ಆರುತ್ತಿರಬಹುದು, ಇಲ್ಲವೇ ಹೊಸ ಪೈಪಿನ ಕ್ಲಿಪ್ಪು ಸಡಿಲವಾಗಿರಬಹುದು. ಚೆಲ್ಲಿದ ನೀರಾದರೆ ಬೇಗ ನಿಲ್ಲುತ್ತದೆ.

ಎರಡು: ಎಷ್ಟು ಹೊತ್ತು? ಸೈಲೆನ್ಸರಿನಿಂದಲೇ ಬಂದರೂ, ಹತ್ತು ಹದಿನೈದು ನಿಮಿಷ ಓಡಿದ ಮೇಲೆ, ಬಿಸಿಲಿನಲ್ಲಿ, ನಿಂತುಹೋದರೆ ಅದು ಪೆಟ್ರೋಲಿನಿಂದ ಹುಟ್ಟಿದ ನೀರು. ಬಿಸಿ ಎಂಜಿನ್ನಿನಲ್ಲೂ ಮಧ್ಯಾಹ್ನವೂ ಮುಂದುವರಿದರೆ ಚಿಂತಿಸಬೇಕು. ಡೀಸೆಲ್ ಕಾರಾದರೆ ಇನ್ನೊಂದು ಸಾಧ್ಯತೆಯಿದೆ: ಉರಿಯದೆ ಹೊರಬಂದ ಡೀಸೆಲ್ ಹನಿಗಳೂ ಬೆಳ್ಳಗೆ ಕಾಣುತ್ತವೆ. ಅದರ ಘಾಟು ವಾಸನೆ ಕಣ್ಣು ಉರಿಸುತ್ತದೆ.

ಮೂರು: ನೀರು ಕಡಿಮೆಯಾಗುತ್ತಿದೆಯೆ? ತಣ್ಣಗಿರುವಾಗ ಮಟ್ಟವನ್ನು ಗುರುತು ಮಾಡಿ, ಮೂರು ನಾಲ್ಕು ದಿನ ಅದೇ ಹೊತ್ತಿಗೆ ನೋಡಿ ಬರೆದಿಡಿ. ಇಲ್ಲೊಂದು ಸೂಕ್ಷ್ಮವಿದೆ. ರಿಪೇರಿಯ ನಂತರ ಒಳಗೆ ಗಾಳಿ ಸಿಕ್ಕಿಕೊಂಡಿರುವುದು ಸಾಮಾನ್ಯ. ಅದು ಹೊರಬಂದಂತೆ ಮೊದಲ ದಿನ ಮಟ್ಟ ಇಳಿದು ನಂತರ ಸ್ಥಿರವಾಗುತ್ತದೆ. ಸೋರಿಕೆಯಾದರೆ ದಿನವೂ ಇಳಿಯುತ್ತದೆ. ಒಂದು ಅಳತೆಯಿಂದ ತಿಳಿಯದ್ದು ನಾಲ್ಕು ಅಳತೆಗಳಿಂದ ತಿಳಿಯುತ್ತದೆ.

ಈ ಸಿಕ್ಕಿಕೊಂಡ ಗಾಳಿ ಅಷ್ಟು ನಿರುಪದ್ರವಿಯಲ್ಲ. ಫೋರ್ಡ್ ಟಿ ಕಾರಿನಲ್ಲಿ ಮಟ್ಟ ಇಳಿದಾಗ ಆದಂತೆಯೇ, ಗಾಳಿಗುಳ್ಳೆ ನೀರಿನ ಸುತ್ತಾಟವನ್ನು ತಡೆಯುತ್ತದೆ. ಹೆಡ್ಡಿನ ಮೇಲ್ಭಾಗದಲ್ಲಿ ಅದು ನಿಂತರೆ ಅಲ್ಲಿನ ಲೋಹ ವಿಪರೀತ ಕಾಯುತ್ತದೆ. ಉಷ್ಣತೆಯ ಸಂವೇದಕ ಗುಳ್ಳೆಯಲ್ಲಿ ಸಿಕ್ಕಿದ್ದರೆ ಮುಳ್ಳು ಮಾತ್ರ "ಎಲ್ಲ ಸರಿ" ಎನ್ನುತ್ತಿರುತ್ತದೆ. ಆದ್ದರಿಂದ ನೀರು ತುಂಬಿದ ಮೇಲೆ ಗಾಳಿ ಬಿಡುವ ತಿರುಪು ತೆರೆದು, ಗಾಳಿಯನ್ನು ಪೂರ್ತಿ ಹೊರತೆಗೆಯುವುದು ರಿಪೇರಿಯ ಭಾಗವೇ ಹೊರತು ಐಚ್ಛಿಕವಲ್ಲ. ಇದನ್ನು ಬಿಟ್ಟರೆ ಗಟ್ಟಿಯಾಗಿದ್ದ ಗ್ಯಾಸ್ಕೆಟ್ಟೂ ರಿಪೇರಿಯ ಮರುದಿನ ಹೋಗಬಹುದು.

ನಾಲ್ಕು: ನೀರಿನಲ್ಲಿ ಉರಿದ ಅನಿಲ ಇದೆಯೆ? ಗ್ಯಾಸ್ಕೆಟ್ ಬಿಟ್ಟಿದ್ದರೆ ನೀರು ಉರುಳೆಗೆ ಬರುವಂತೆ, ಉರಿಯುವಾಗಿನ ಅಪಾರ ಒತ್ತಡದಿಂದ ಅನಿಲವೂ ನೀರಿಗೆ ನುಗ್ಗುತ್ತದೆ. ಉರಿದ ಅನಿಲದಲ್ಲಿ ಕಾರ್ಬನ್ ಡೈಆಕ್ಸೈಡ್ ಸುಮಾರು ನೂರಕ್ಕೆ 12. ಸಾಮಾನ್ಯ ಗಾಳಿಯಲ್ಲಿ ನೂರಕ್ಕೆ 0.04ರಷ್ಟು. ವ್ಯತ್ಯಾಸ 300 ಪಟ್ಟು! ಗ್ಯಾರೇಜುಗಳಲ್ಲಿ ರೇಡಿಯೇಟರಿನ ನೀರಿನ ಮೇಲಿನ ಗಾಳಿಯನ್ನು ರಬ್ಬರ್ ಬಲ್ಬಿನಿಂದ ಹೀರಿ ಬ್ರೋಮೊಥೈಮಾಲ್ ನೀಲಿ ದ್ರಾವಣದ ಮೂಲಕ ಹಾಯಿಸುತ್ತಾರೆ. ನೀಲಿ ಹಳದಿಗೆ ತಿರುಗಿದರೆ ಉರಿದ ಅನಿಲ ಸೋರುತ್ತಿದೆ ಎಂದರ್ಥ. ಈ ಅನಿಲವನ್ನು 1750ರ ದಶಕದಲ್ಲಿ ಗುರುತಿಸಿದವನು, ಸುಣ್ಣದ ತಿಳಿನೀರನ್ನು ಅದು ಬೆಳ್ಳಗಾಗಿಸುತ್ತದೆಂದು ತೋರಿಸಿದವನು ಮತ್ತೆ ಅದೇ ಜೋಸೆಫ್ ಬ್ಲ್ಯಾಕ್! ಎಂಜಿನ್ನನ್ನು ತಂಪಾಗಿಡುವ ಮೊದಲ ತತ್ತ್ವವನ್ನೂ, ಅದು ಕೆಟ್ಟಿದೆಯೆ ಎಂದು ತಿಳಿಯುವ ಪರೀಕ್ಷೆಯ ತತ್ತ್ವವನ್ನೂ ಕಾರು ಹುಟ್ಟುವ ನೂರು ವರ್ಷ ಮೊದಲೇ ಒಬ್ಬನೇ ಕೊಟ್ಟಿದ್ದ. ಹೊಸದಾಗಿ ತುಂಬಿದ ಗಡಸು ನೀರೂ ಮೊದಲ ಬಾರಿ ಕಾದಾಗ ಸ್ವಲ್ಪ ಕಾರ್ಬನ್ ಡೈಆಕ್ಸೈಡ್ ಬಿಡುವುದರಿಂದ, ಕೆಲವು ಸಲ ಕಾಯ್ದು ತಣಿದ ಮೇಲೆ ಪರೀಕ್ಷಿಸುವುದು ಒಳ್ಳೆಯದು.

ಐದು: ಒತ್ತಡ ನಿಲ್ಲುತ್ತದೆಯೆ? ತಣ್ಣನೆಯ ರೇಡಿಯೇಟರಿಗೆ ಕೈಪಂಪಿನಿಂದ ಮುಚ್ಚಳದ ಮೇಲೆ ಬರೆದಿರುವಷ್ಟೇ ಒತ್ತಡ ಕೊಟ್ಟು ಕಾಯಬೇಕು. ಮುಳ್ಳು ಇಳಿದು, ಹೊರಗೆಲ್ಲೂ ಒದ್ದೆ ಕಾಣದಿದ್ದರೆ ಸೋರಿಕೆ ಒಳಗೇ ಇರಬೇಕು. ಬಳಿಕ ಒಂದೊಂದೇ ಉರುಳೆಗೆ ಒತ್ತಿದ ಗಾಳಿ ಬಿಟ್ಟು, ರೇಡಿಯೇಟರಿನಲ್ಲಿ ಗುಳ್ಳೆ ಏಳುವುದೇ ಎಂದು ನೋಡಿದರೆ ಯಾವ ಉರುಳೆ ಎಂಬುದೂ ತಿಳಿಯುತ್ತದೆ.

ಎಂಜಿನ್ ಎಣ್ಣೆ ಹಾಲು ಬೆರೆತ ಕಾಫಿಯಂತಾಗಿದ್ದರೆ ನೀರು ಸೇರಿದೆ ಎಂದು ತಿಳಿಯಬಹುದು. ಆದರೆ ಎಣ್ಣೆಯ ಮುಚ್ಚಳದ ಒಳಗೆ ಮಾತ್ರ ತುಸು ಬೆಣ್ಣೆಯಂಥ ನೊರೆ ಇದ್ದರೆ ಗಾಬರಿ ಬೇಡ. ದಿನವೂ ಒಂದೆರಡು ಕಿಲೋಮೀಟರ್ ಮಾತ್ರ ಓಡುವ, ಸರಿಯಾಗಿ ಬಿಸಿಯೇರದ ಎಂಜಿನ್ನಿನಲ್ಲಿ ಅದು ಸಹಜ.

ಈ ಪರೀಕ್ಷೆಗಳ ಕ್ರಮವನ್ನು ಗಮನಿಸಿ. ನೋಡುವುದು, ಕಾಯುವುದು, ಅಳೆಯುವುದು, ಇವಕ್ಕೆ ಖರ್ಚಿಲ್ಲ. ರಾಸಾಯನಿಕ ಮತ್ತು ಒತ್ತಡದ ಪರೀಕ್ಷೆಗಳಿಗೆ ಅಲ್ಪ ಖರ್ಚು. ಹೆಡ್ ಬಿಚ್ಚುವುದು ಕಡೆಯದು. ಅದನ್ನು ಬಿಚ್ಚುವ ಮೊದಲು ಎರಡು ಸ್ವತಂತ್ರ ಪರೀಕ್ಷೆಗಳಾದರೂ ಒಂದೇ ಉತ್ತರ ಹೇಳಲಿ. ಹೇಳಿದವೆಂದರೆ ಮುಂದೂಡಬಾರದು. ಉರುಳೆಯಲ್ಲಿ ನಿಂತ ನೀರು ಸಂಪೀಡನೆಗೊಳ್ಳದು. ಚಾಲೂ ಮಾಡುವಾಗ ಕನೆಕ್ಟಿಂಗ್ ರಾಡೇ ಬಾಗಬಹುದು. ಕೂಲೆಂಟಿನ ಲವಣಗಳು ಹೊಗೆ ಶುದ್ಧಗೊಳಿಸುವ ಕ್ಯಾಟಲಿಟಿಕ್ ಕನ್ವರ್ಟರನ್ನೂ ಕೆಡಿಸುತ್ತವೆ. ಹೆಡ್ ಬಿಚ್ಚಿದಾಗ ಬರೀ ಗ್ಯಾಸ್ಕೆಟ್ ಬದಲಿಸಿ ಮುಚ್ಚಬಾರದು. ಹೆಡ್ ಬಾಗಿದೆಯೆ ಎಂದು ನೇರಪಟ್ಟಿ ಇಟ್ಟು ನೋಡಿ, ಅಗತ್ಯವಿದ್ದರೆ ಮಟ್ಟ ಮಾಡಿಸಬೇಕು. ಮತ್ತೆ ತುಂಬುವಾಗ ಕೊಳವೆಬಾವಿಯ ನೀರಿನ ಬದಲು ತಯಾರಕರು ಹೇಳಿದ ಕೂಲೆಂಟನ್ನು ಖನಿಜರಹಿತ ನೀರಿನಲ್ಲಿ ಬೆರೆಸಿ ಬಳಸಬೇಕು.

ಶಿಕ್ಷಕರಿಗೆ ಒಂದು ಮಾತು. ಗುಪ್ತೋಷ್ಣ, ಇಬ್ಬನಿ ಬಿಂದು, ವ್ಯಾಕೋಚನ, ಚದರಿಕೆ, ಸುಣ್ಣದ ತಿಳಿನೀರು, ಇವು ಪಠ್ಯಪುಸ್ತಕದ ಬೇರೆ ಬೇರೆ ಅಧ್ಯಾಯಗಳಲ್ಲಿ ಬರುತ್ತವೆ. ನಿಂತ ಕಾರೊಂದರ ಮುಂದೆ ಅವೆಲ್ಲ ಒಟ್ಟಾಗಿ ಕೆಲಸಕ್ಕೆ ಬರುತ್ತವೆ. ಒಂದು ಲಕ್ಷಣಕ್ಕೆ ಹಲವು ಕಾರಣಗಳಿರಬಹುದು, ಕಾರಣಗಳನ್ನು ಬೇರ್ಪಡಿಸುವ ಪರೀಕ್ಷೆ ಯಾವುದು ಎಂದು ನಿಮ್ಮ ವಿದ್ಯಾರ್ಥಿಗಳನ್ನು ಕೇಳಿ. ಮುಂದಿನ ಚಳಿಗಾಲದ ಒಂದು ಬೆಳಿಗ್ಗೆ ಶಾಲೆಯ ಮುಂದೆ ನಿಲ್ಲುವ ಬಸ್ಸಿನ ಬಿಳಿ ಹೊಗೆ ಎಷ್ಟು ನಿಮಿಷಕ್ಕೆ ಮಾಯವಾಗುತ್ತದೆ, ಆಗಿನ ಗಾಳಿಯ ಉಷ್ಣತೆ ಎಷ್ಟು ಎಂದು ಅವರೇ ಬರೆದಿಡಲಿ. ಒಂದು ವಾರದ ಅಳತೆಗಳು ಸೇರಿದರೆ ಅದೇ ಒಂದು ಒಳ್ಳೆಯ ನಕ್ಷೆಯಾಗುತ್ತದೆ.